ಚಟ: ಆಸ್ಪತ್ರೆಯ ಕೆಲಸವೋ, ಪೊಲೀಸರ ಕೆಲಸವೋ?

ಮೊದಲು ಮೆದುಳಿನ ವಿಜ್ಞಾನ ಬಂತು, ಆಮೇಲೆ ಚಿಕಿತ್ಸೆ ಹುಟ್ಟಿತು ಅಂದುಕೊಳ್ಳುತ್ತೇವೆ ಅಲ್ವಾ? ಹೆರಾಯಿನ್ ವಿಷಯದಲ್ಲಿ ನಡೆದದ್ದು ಉಲ್ಟಾ.

ನ್ಯೂಯಾರ್ಕಿನ ವೈದ್ಯರಾದ ವಿನ್ಸೆಂಟ್ ಡೋಲ್ ಮತ್ತು ಮೇರಿ ನಿಸ್ವಾಂಡರ್ ಹೆರಾಯಿನ್ ಚಟದವರಿಗೆ ದಿನಾ ಮೆಥಡೋನ್ ಕುಡಿಸಿ ನೋಡಿದರು. 1965ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೆಥಡೋನ್ ಕೂಡ ಅಫೀಮಿನಂತೆ ಕೆಲಸ ಮಾಡುವ ಔಷಧಿಯೇ. ಆದರೆ ನಿಧಾನವಾಗಿ ಏರಿ, ಬಹಳ ಹೊತ್ತು ನಿಲ್ಲುತ್ತದೆ. ಹೆರಾಯಿನ್ ಬಿಟ್ಟಾಗ ಬರುವ ಮೈಕೈ ನೋವು, ಚಡಪಡಿಕೆ ತಗ್ಗುತ್ತದೆ. ಅಮಲಿಲ್ಲದೆ ಕೆಲಸಕ್ಕೆ ಹೋಗಬಹುದು. ‘ಒಂದು ಚಟ ಬಿಡಿಸಿ ಇನ್ನೊಂದು ಹತ್ತಿಸಿದರು’ ಎಂಬ ಟೀಕೆ ಇವತ್ತಿಗೂ ಇದೆ. ಅಫೀಮು, ಹೆರಾಯಿನ್‌ನಂಥವು ಮೆದುಳಿನಲ್ಲಿ ಹೋಗಿ ಕೂರುವ ಜಾಗವನ್ನು, ಅಂದರೆ ರಿಸೆಪ್ಟರನ್ನು, ವಿಜ್ಞಾನಿಗಳಾದ ಕ್ಯಾಂಡೇಸ್ ಪರ್ಟ್ ಮತ್ತು ಸಾಲೊಮನ್ ಸ್ನೈಡರ್ ತೋರಿಸಿದ್ದು 1973ರಲ್ಲಿ, ಚಿಕಿತ್ಸೆ ಬಂದು ಎಂಟು ವರ್ಷವಾದ ಮೇಲೆ.

ಅಲ್ಲಿಂದ ಮುಂದೆ ಡೋಪಮೈನ್ ಕಥೆ, ಅಂದರೆ ‘ಇನ್ನೂ ಬೇಕು’ ಎನಿಸುವಂತೆ ಮಾಡುವ ಮೆದುಳಿನ ರಾಸಾಯನಿಕದ ಕಥೆ. 1997ರಲ್ಲಿ ಅಲನ್ ಲೆಶ್ನರ್, ಚಟ ಮೆದುಳಿನ ಕಾಯಿಲೆ ಎಂದು ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಅವರಾಗ ಅಮೆರಿಕ ಸರ್ಕಾರದ ಮಾದಕ ವ್ಯಸನ ಸಂಶೋಧನಾ ಸಂಸ್ಥೆಯ ಮುಖ್ಯಸ್ಥರು.

ಮಾತು ಸರಿ, ಆದರೆ ಪೂರ್ತಿಯಲ್ಲ. ವಿಯೆಟ್ನಾಂನಲ್ಲಿ ಅಮೆರಿಕದ ಸೈನಿಕರಲ್ಲಿ ಸುಮಾರು ಐದರಲ್ಲೊಬ್ಬರಿಗೆ ಹೆರಾಯಿನ್‌ನಂಥ ಮಾದಕಗಳ ಚಟ ಹತ್ತಿತ್ತು. 1971ರಲ್ಲಿ ವಾಪಸಾದವರನ್ನು ಸಂಶೋಧಕಿ ಲೀ ರಾಬಿನ್ಸ್ ಹುಡುಕಿ ಮಾತಾಡಿಸಿದಾಗ, ಹಾಗೆ ಚಟಕ್ಕೆ ಬಿದ್ದವರಲ್ಲಿ ಮೊದಲ ವರ್ಷ ಮತ್ತೆ ಚಟಕ್ಕೆ ಮರಳಿದ್ದವರು ಶೇ. 5ರಷ್ಟು ಮಾತ್ರ. ಮೆದುಳು ಅದೇ, ಊರು ಬೇರೆ, ಸುತ್ತಲಿನ ಜನ ಬೇರೆ. ನನಗೆ ಈ ಇಡೀ ಚರಿತ್ರೆಯಲ್ಲಿ ಅತಿ ಮುಖ್ಯವೆನಿಸುವ ಅಧ್ಯಯನ ಇದೇ.

ಕಾನೂನು ಮಾತ್ರ ಬೇರೆ ದಾರಿ ಹಿಡಿಯಿತು. 1986ರಲ್ಲಿ ಅಮೆರಿಕ, 5 ಗ್ರಾಂ ಕ್ರ್ಯಾಕ್ (ಸೇದುವ ಹರಳು ರೂಪದ ಕೊಕೇನ್) ಮಾರಿದರೆ ಕನಿಷ್ಠ 5 ವರ್ಷ ಜೈಲು ಎಂದಿತು. ಪುಡಿ ಕೊಕೇನ್‌ಗಾದರೆ ಅಷ್ಟೇ ಶಿಕ್ಷೆಗೆ 500 ಗ್ರಾಂ ಬೇಕಿತ್ತು. ಎರಡೂ ಒಂದೇ ವಸ್ತು, ರೂಪ ಬೇರೆ ಅಷ್ಟೇ. 2010ರಲ್ಲಿ ಈ ಅಂತರ ಇಳಿಯಿತು, ಅಳಿಯಲಿಲ್ಲ.

ನಮ್ಮಲ್ಲೂ ಕಾನೂನಿಗೆ ಎರಡು ಮುಖ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಕುಡಿತ, ಡ್ರಗ್ಸ್‌ನಿಂದಾಗುವ ಮಾನಸಿಕ ತೊಂದರೆಗಳೂ ಮಾನಸಿಕ ಕಾಯಿಲೆಯ ಲೆಕ್ಕಕ್ಕೆ ಬರುತ್ತವೆ. ಆದರೆ ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಹೆರಾಯಿನ್ ಸೇವನೆಗೇ ಒಂದು ವರ್ಷದವರೆಗೆ ಜೈಲು ಆಗಬಹುದು. ಅದೇ ಕಾಯ್ದೆಯ 64ಎ ಸೆಕ್ಷನ್, ತಾನಾಗಿ ಚಿಕಿತ್ಸೆಗೆ ಬಂದ ವ್ಯಸನಿಗೆ ಕೇಸಿನಿಂದ ರಕ್ಷಣೆ ಕೊಡುತ್ತದೆ. ಬಿಟ್ಟು ಮತ್ತೆ ಹಿಡಿಯುವುದು, ಚಿಕಿತ್ಸೆ ನಡುವೆ ಓಡಿಹೋಗುವುದು ಈ ಕಾಯಿಲೆಯಲ್ಲಿ ಮಾಮೂಲು. ಆದರೆ ಚಿಕಿತ್ಸೆ ಪೂರ್ತಿ ಮಾಡದಿದ್ದರೆ ಆ ರಕ್ಷಣೆಯನ್ನು ವಾಪಸ್ ಪಡೆಯಬಹುದು ಎಂದೂ ಅದೇ ಸೆಕ್ಷನ್ ಹೇಳುತ್ತದೆ.