ಡಿಕಾಕರ್ ಅಂದರೇನು?

ಎತ್ತಿ ನಿಂತಿರುವ ಹ್ಯಾಮರನ್ನು, ಅಂದರೆ ಏಟು ಕೊಟ್ಟು ಗುಂಡು ಹಾರಿಸುವ ಪುಟ್ಟ ಸುತ್ತಿಗೆಯನ್ನು, ಗುಂಡು ಹಾರದಂತೆ ಕೆಳಗಿಳಿಸಲು ಕೆಲವು ಪಿಸ್ತೂಲುಗಳಲ್ಲಿ ಒಂದು ಚಿಕ್ಕ ಲಿವರ್ ಇರುತ್ತದೆ. ಅದೇ ಡಿಕಾಕರ್. ಅರ್ಥ ಇಷ್ಟೇ. ಆದರೆ ಅದು ಯಾಕೆ ಬೇಕು ಅನ್ನುವುದು ಟ್ರಿಗರ್ ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಾಗುವವರೆಗೆ ತಲೆಗೆ ಹತ್ತುವುದಿಲ್ಲ.

ಗಂಗಾವತಿಯಲ್ಲಿ ಅಕ್ಕಿ ಗಿರಣಿ ನಡೆಸುವ ನಮ್ಮ ಮಾವನ ಹತ್ತಿರ ಲೈಸೆನ್ಸಿನ .32 ರಿವಾಲ್ವರ್ ಇತ್ತು, ಕಾನ್ಪುರದ ಸರ್ಕಾರಿ ಕಾರ್ಖಾನೆಯದು. ಅದನ್ನು ಮಾರಿ ಈಗ ವಾಲ್ಥರ್ ಪಿಪಿ ಅನ್ನುವ ಪಿಸ್ತೂಲು ತಗೊಂಡಿದ್ದಾರೆ. ಹೊಸದು ಅಂದರೆ ಅವರಿಗೆ ಹೊಸದು, ಅಷ್ಟೇ. ಆ ಮಾದರಿ ಬಂದಿದ್ದು 1929ರಲ್ಲಿ. 9 ಎಂಎಂ ನಮ್ಮಲ್ಲಿ ನಿಷೇಧಿತ ಬೋರ್ (ನಳಿಗೆಯ ಒಳ ಅಳತೆ). ಹಾಗಾಗಿ ಸಾಮಾನ್ಯ ಲೈಸೆನ್ಸ್‌ದಾರರು .32 ಬಿಟ್ಟು ಹೆಚ್ಚು ದೂರ ಹೋಗುವಂತಿಲ್ಲ. ಇಲ್ಲೇ ಒಂದು ಮಾತು: ಎರಡಕ್ಕೂ .32 ಅಂತಲೇ ಹೆಸರಿದ್ದರೂ ರಿವಾಲ್ವರಿನ ಗುಂಡು ಈ ಪಿಸ್ತೂಲಿಗೆ ಆಗುವುದಿಲ್ಲ. ಅದರ ತೋಟಾ, ಅಂದರೆ ಮದ್ದು ತುಂಬಿದ ಲೋಹದ ಕೊಳವೆ, 23 ಮಿಲಿಮೀಟರ್ ಉದ್ದ, ಇದರದು 17. ಮನೆಯಲ್ಲಿ ಉಳಿದ ಹಳೆ ಡಬ್ಬಿ ನೋಡಿ ಖುಷಿ ಪಡಬೇಡಿ.

ರಿವಾಲ್ವರ್ ಹಿಡಿದವರಿಗೆ ಟ್ರಿಗರ್ ವಿಷಯ ಅರ್ಧ ಗೊತ್ತೇ ಇರುತ್ತದೆ. ಸುಮ್ನೆ ಟ್ರಿಗರ್ ಎಳೆದರೆ ಮೊದಲು ಹ್ಯಾಮರ್ ಹಿಂದಕ್ಕೆ ಏಳುತ್ತದೆ, ಆಮೇಲೆ ಬೀಳುತ್ತದೆ. ಒಂದೇ ಎಳೆತದಲ್ಲಿ ಎರಡು ಕೆಲಸ. ಇದು ಡಬಲ್ ಆ್ಯಕ್ಷನ್. ಹ್ಯಾಮರ್ ಸ್ಪ್ರಿಂಗನ್ನು ನಿಮ್ಮ ಬೆರಳೇ ಒತ್ತಬೇಕಾದ್ದರಿಂದ ಎಳೆತ ಉದ್ದ ಮತ್ತು ಬಿಗಿ. ಹೆಬ್ಬೆರಳಿನಿಂದ ಹ್ಯಾಮರನ್ನು ಮೊದಲೇ ಎತ್ತಿಟ್ಟು ಟ್ರಿಗರ್ ಎಳೆದರೆ ಅದಕ್ಕೆ ಉಳಿಯುವುದು ಬೀಳಿಸುವ ಕೆಲಸ ಒಂದೇ. ಇದು ಸಿಂಗಲ್ ಆ್ಯಕ್ಷನ್. ಇಲಿ ಬೋನಿನ ತಂತಿ ಎಳೆದು ಕೊಕ್ಕೆಗೆ ಸಿಗಿಸಿಟ್ಟ ಹಾಗೆ ಇದು: ಕೊಕ್ಕೆ ಸ್ವಲ್ಪ ಜಾರಿದರೆ ಸಾಕು. ಹ್ಯಾಮರನ್ನು ಹಿಡಿದಿಡುವ ಆ ಕೊಕ್ಕೆಗೆ ಸಿಯರ್ ಅನ್ನುತ್ತಾರೆ.

ಪಿಸ್ತೂಲಿನಲ್ಲಿ ಇದಕ್ಕೆ ಸ್ಲೈಡ್, ಅಂದರೆ ಮೇಲ್ಗಡೆ ಹಿಂದೆ ಮುಂದೆ ಜಾರುವ ಲೋಹದ ಭಾಗ, ಬಂದು ಸೇರುತ್ತದೆ. ಗುಂಡು ಹಾರಿದ ಕೂಡಲೇ ಸ್ಲೈಡ್ ಹಿಂದಕ್ಕೆ ಬಂದು ಖಾಲಿ ತೋಟಾ ಎಸೆಯುತ್ತದೆ, ಹೋಗುವಾಗ ಹೊಸ ಗುಂಡನ್ನು ನಳಿಗೆಗೆ ತಳ್ಳುತ್ತದೆ. ಹ್ಯಾಮರನ್ನೂ ಅದೇ ಎತ್ತಿ ನಿಲ್ಲಿಸುತ್ತದೆ. ಹೀಗಾಗಿ ಡಬಲ್-ಸಿಂಗಲ್ ಎರಡೂ ಇರುವ ಪಿಸ್ತೂಲಿನಲ್ಲಿ ಹ್ಯಾಮರ್ ಇಳಿದಿದ್ದರೆ ಮೊದಲ ಗುಂಡಿಗೆ ಬಿಗಿಯಾದ ಎಳೆತ, ಉಳಿದವಕ್ಕೆಲ್ಲ ಹಗುರ. ಸಿಗ್ ಪಿ226ರಲ್ಲಿ ಮೊದಲಿನದಕ್ಕೆ ಸುಮಾರು ನಾಲ್ಕೂವರೆ ಕಿಲೋ ಬಲ ಬೇಕು, ನಂತರದ್ದಕ್ಕೆ ಎರಡು ಕಿಲೋ ಸಾಕು. ಈ ವ್ಯತ್ಯಾಸ ಬೆರಳಿಗೆ ರೂಢಿಯಾಗಲು ಟೈಮ್ ಬೇಕು. ಹೊಸಬರ ಎರಡನೇ ಗುಂಡು ಅವರು ಅಂದುಕೊಂಡದ್ದಕ್ಕಿಂತ ಮೊದಲೇ ಹಾರಿಬಿಡುತ್ತದೆ.

ಈಗ ನಿಜವಾದ ತಾಪತ್ರಯ. ಮ್ಯಾಗಜೀನ್ (ಗುಂಡು ತುಂಬುವ ಡಬ್ಬಿ) ಹಾಕಿ ಸ್ಲೈಡ್ ಎಳೆದು ಬಿಟ್ಟರೆ ಗುಂಡು ನಳಿಗೆಗೆ ಹೋಗುತ್ತದೆ, ಹ್ಯಾಮರ್ ಎತ್ತಿಯೇ ನಿಲ್ಲುತ್ತದೆ. ಅಂದರೆ ಪಿಸ್ತೂಲು ಹಗುರ ಎಳೆತದ ಸ್ಥಿತಿಯಲ್ಲಿದೆ. ಹಾಗೇ ಸೊಂಟಕ್ಕೆ ಸಿಗಿಸಿಕೊಂಡು ಓಡಾಡಲು ಆಗುತ್ತದಾ? ಹ್ಯಾಮರ್ ಇಳಿಸಬೇಕು. ಡಿಕಾಕರ್ ಇಲ್ಲದಿದ್ದರೆ ಹ್ಯಾಮರನ್ನು ಹೆಬ್ಬೆರಳಲ್ಲಿ ಹಿಡಿದು, ಟ್ರಿಗರ್ ಎಳೆದು, ಮೆಲ್ಲಗೆ ಮುಂದಕ್ಕೆ ಬಿಡಬೇಕು. ಒಳಗೆ ಗುಂಡಿದೆ, ನೀವು ಟ್ರಿಗರ್ ಎಳೆಯುತ್ತಿದ್ದೀರಿ, ಬೇಸಿಗೆಯಲ್ಲಿ ಬೆವರಿದ ಹೆಬ್ಬೆರಳು. ಜಾರಿತೋ, ಗುಂಡು ಹಾರಿತು. ಟ್ರಿಗರ್ ಮುಟ್ಟದೆ ಇದೇ ಕೆಲಸ ಮಾಡಿಕೊಡುವುದೇ ಡಿಕಾಕರ್.

ವಾಲ್ಥರ್ ಪಿಪಿಯಲ್ಲಿ ಲಿವರ್ ಇರುವುದು ಸ್ಲೈಡಿನ ಎಡಕ್ಕೆ, ಹಿಂದುಗಡೆ. ಅದನ್ನು ಕೆಳಗೆ ಒತ್ತಿದಾಗ ಮೊದಲು ಗಟ್ಟಿ ಉಕ್ಕಿನ ಭಾಗವೊಂದು ತಿರುಗಿ ಹ್ಯಾಮರಿಗೂ, ಅದರ ಏಟು ತಿಂದು ಗುಂಡನ್ನು ಸಿಡಿಸುವ ಫೈರಿಂಗ್ ಪಿನ್ನಿಗೂ ನಡುವೆ ಅಡ್ಡ ನಿಲ್ಲುತ್ತದೆ. ಅದಾದ ಮೇಲಷ್ಟೇ ಸಿಯರ್ ಬಿಡುತ್ತದೆ. ಹ್ಯಾಮರ್ ಪೂರ್ತಿ ಜೋರಿನಿಂದ ಬೀಳುತ್ತದೆ, ಟಕ್ ಅಂತ. ಖಾಲಿ ಪಿಸ್ತೂಲಿನಲ್ಲಿ ಮೊದಲ ಸಲ ಇದನ್ನು ನೋಡಿದ ಮಾವ ಬೆಚ್ಚಿಬಿದ್ದು, "ಏ ತಮ್ಮಾ, ಒಳಗ ಗುಂಡಿದ್ರ ಹಾರ್ತಿತ್ತಲ್ಲೋ!" ಅಂದರು. ಸರಿಯಾದ ಪ್ರಶ್ನೆಯೇ. ಆ ಉಕ್ಕು ಅಡ್ಡ ಇರುವುದರಿಂದ ಏಟು ಪಿನ್ನಿಗೆ ತಾಗುವುದಿಲ್ಲ. ಆದರೂ ಅದು ಯಂತ್ರ, ಅದರಲ್ಲೂ ಹಳೆಯದು. ಒಳಗಿನ ಭಾಗ ಸವೆದಿದೆಯೋ ಇಲ್ಲವೋ ಹೊರಗಿನಿಂದ ಕಾಣುವುದಿಲ್ಲ. ಲಿವರ್ ಒತ್ತುವಾಗ ಪ್ರತಿ ಸಲವೂ ನಳಿಗೆಯ ಬಾಯಿ ಯಾರೂ ಇಲ್ಲದ ಕಡೆಗೇ ಇರಬೇಕು.

ಎಲ್ಲ ಪಿಸ್ತೂಲುಗಳೂ ಹೀಗಲ್ಲ. 1975ರ ಸಿಗ್ ಪಿ220ಯಲ್ಲಿ ಲಿವರ್ ಹಿಡಿಕೆಯ ಮೇಲ್ಭಾಗದಲ್ಲಿದೆ. ಅದು ಹ್ಯಾಮರನ್ನು ತಡೆದು ಇಳಿಸುತ್ತದೆ, ಒಂದು ಕಚ್ಚಿನಲ್ಲಿ ಪಿನ್ನಿಗೆ ತಾಗದಂತೆ ನಿಲ್ಲಿಸುತ್ತದೆ. ನನಗೆ ಇದೇ ಹೆಚ್ಚು ಹಿಡಿಸುತ್ತದೆ, ಟಕ್ ಅನ್ನುವ ಗಾಬರಿ ಇಲ್ಲ. ಸೈನ್ಯ, ಪೊಲೀಸರು ಬಳಸಿಕೊಂಡು ಬಂದಿರುವ, ಈಶಾಪುರದಲ್ಲಿ ತಯಾರಾದ 9 ಎಂಎಂ ಪಿಸ್ತೂಲು ಬರೀ ಸಿಂಗಲ್ ಆ್ಯಕ್ಷನ್, ಅದಕ್ಕೆ ಡಿಕಾಕರ್ ಇಲ್ಲ. ಹ್ಯಾಮರ್ ಇಳಿಸಿಬಿಟ್ಟರೆ ಟ್ರಿಗರ್ ಒಂದೇ ಅದನ್ನು ಮತ್ತೆ ಎತ್ತಲಾರದಲ್ವಾ? ಗ್ಲಾಕ್‌ನಲ್ಲಿ ಹೊರಗೆ ಹ್ಯಾಮರೇ ಇಲ್ಲ, ಇಳಿಸುವ ಮಾತೂ ಇಲ್ಲ.

ಡಿಕಾಕರ್ ಮತ್ತು ಸೇಫ್ಟಿ ಒಂದೇ ಅಂತ ಅನೇಕರು ತಿಳಿದಿದ್ದಾರೆ. ವಾಲ್ಥರ್ ಪಿಪಿಯ ಲಿವರ್ ಎರಡೂ ಹೌದು: ಕೆಳಗೇ ಬಿಟ್ಟರೆ ಟ್ರಿಗರ್ ಎಳೆದರೂ ಗುಂಡು ಹಾರುವುದಿಲ್ಲ. ಸಿಗ್‌ನ ಲಿವರ್ ಹಾಗಲ್ಲ. ಬಿಟ್ಟ ತಕ್ಷಣ ಮೇಲೆ ಬರುತ್ತದೆ, ಟ್ರಿಗರನ್ನು ಬಿಗಿಯಾಗಿ ಎಳೆದರೆ ಗುಂಡು ಹಾರಿಯೇ ಹಾರುತ್ತದೆ. ಒಂದರ ಅಭ್ಯಾಸದಿಂದ ಇನ್ನೊಂದನ್ನು ನಂಬಿದರೆ ಕೆಟ್ಟಿತು.

ಇದಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆ ಇನ್ನೊಂದಿದೆ. ಹ್ಯಾಮರ್ ಇಳಿದಿದೆ, ಹಾಗಾಗಿ ಪಿಸ್ತೂಲು ಖಾಲಿ ಅನ್ನುವುದು. ಡಿಕಾಕರ್ ಗುಂಡನ್ನು ಹೊರಗೆ ತೆಗೆಯುವುದಿಲ್ಲ. ನಳಿಗೆಯ ಗುಂಡು ಅಲ್ಲೇ ಇರುತ್ತದೆ. ಪಿಪಿಯಲ್ಲಿ ಹ್ಯಾಮರಿನ ಸ್ವಲ್ಪ ಮೇಲೆ ಒಂದು ಸಣ್ಣ ಪಿನ್ ಇರುತ್ತದೆ. ನಳಿಗೆಯಲ್ಲಿ ಗುಂಡಿದ್ದರೆ ಅದು ಹೊರಗೆ ಚಾಚುತ್ತದೆ, ಕತ್ತಲಲ್ಲೂ ಬೆರಳಾಡಿಸಿ ತಿಳಿಯಬಹುದು. ಒಳ್ಳೆಯ ಏರ್ಪಾಡು, ಆದರೆ ಕೆಲವು ತಯಾರಿಕೆಗಳಲ್ಲಿ ಆ ಪಿನ್ ಇಲ್ಲ.

ಚುನಾವಣೆ ಬಂತೆಂದರೆ ಬಳ್ಳಾರಿ, ಕೊಪ್ಪಳ, ರಾಯಚೂರು ಎಲ್ಲೇ ಇರಲಿ, ಲೈಸೆನ್ಸ್‌ದಾರರು ಆಯುಧವನ್ನು ಠಾಣೆಗೆ ಒಪ್ಪಿಸಬೇಕಾಗಿ ಬರುತ್ತದೆ. ಅಲ್ಲಿನ ಮೇಜಿನ ಮೇಲೆ ಪಿಸ್ತೂಲಿಟ್ಟು ಲಿವರ್ ಒತ್ತಿ ತೋರಿಸಿದರೆ ಏನೂ ಸಾಬೀತಾಗುವುದಿಲ್ಲ. ಮನೆಯಲ್ಲೇ ಮೊದಲು ಮ್ಯಾಗಜೀನ್ ತೆಗೆಯಿರಿ. ಪಿಪಿಯಲ್ಲಾದರೆ ಲಿವರ್ ಕೆಳಗಿರುವಾಗಲೇ ಸ್ಲೈಡ್ ಎಳೆಯಬಹುದು. ಎಳೆದು, ನಳಿಗೆಯೊಳಗೆ ಕಣ್ಣಿಟ್ಟು ನೋಡಿ, ಕಿರುಬೆರಳು ಹಾಕಿ ಮುಟ್ಟಿಯೂ ನೋಡಿ. ಮೊದಲು ಸ್ಲೈಡ್ ಎಳೆದು ಆಮೇಲೆ ಮ್ಯಾಗಜೀನ್ ತೆಗೆದರೆ ಇನ್ನೊಂದು ಗುಂಡು ನಳಿಗೆಗೆ ಹೋಗಿ ಕೂತಿರುತ್ತದೆ.