ಸೀಲರ್ ಬಳಿಯುವ ಮೊದಲು ಅಂಗಳ ಒಣಗಲಿ

ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಬದಿಯಡ್ಕ, ಮುಳ್ಳೇರಿಯದವರೆಗೆ ಹೊಸ ಮನೆಗಳ ಮುಂದೆ ಅಚ್ಚೊತ್ತಿದ ಬಣ್ಣದ ಕಾಂಕ್ರೀಟ್ ಅಂಗಳಗಳು ಈಗ ಸಾಮಾನ್ಯವಾಗಿವೆ. ಇವುಗಳಲ್ಲಿ ಅನೇಕವು ಮೊದಲ ಮಳೆಗಾಲ ಕಳೆಯುವಷ್ಟರಲ್ಲಿ ಹಾಲು ಚೆಲ್ಲಿದ ಹಾಗೆ ಬಿಳಿಚಿಕೊಳ್ಳುತ್ತವೆ. ಮನೆಯವರು ಸೀಲರ್, ಅಂದರೆ ಕಾಂಕ್ರೀಟನ್ನು ಕಾಪಾಡಲು ಬಳಿಯುವ ಲೇಪ, ಕಳಪೆಯೆಂದು ದೂರುತ್ತಾರೆ. ನಾನು ಪರಿಶೀಲಿಸಿದ ಹೆಚ್ಚಿನ ಕಡೆ ದೋಷವಿದ್ದುದು ಸೀಲರಿನಲ್ಲಲ್ಲ, ಅದರ ಕೆಳಗೆ ಸಿಕ್ಕಿಕೊಂಡ ನೀರಿನಲ್ಲಿ.

ಹೊಳಪು ಕೊಡುವ ಆಕ್ರಿಲಿಕ್ ಸೀಲರ್ ಕಾಂಕ್ರೀಟಿನ ಮೇಲೆ ತೆಳುವಾದ ಪದರವಾಗಿ ನಿಲ್ಲುತ್ತದೆ. ಕೆಳಗಿನಿಂದ ಏರುವ ತೇವಕ್ಕೆ ಆ ಪದರವನ್ನು ಸುಲಭವಾಗಿ ದಾಟಲಾಗುವುದಿಲ್ಲವಾದ್ದರಿಂದ ಅದು ಅಲ್ಲಿಯೇ ನಿಂತು ಮಬ್ಬು ಮೂಡಿಸುತ್ತದೆ, ಕ್ರಮೇಣ ಪದರವನ್ನೇ ಎಬ್ಬಿಸುತ್ತದೆ. ಕಾಂಕ್ರೀಟ್ ಹಾಕಿ 28 ದಿನ ಕಳೆದರೆ ಸಾಕೆಂಬ ನಿಯಮ ಎಲ್ಲರಿಗೂ ಗೊತ್ತು. ಆದರೆ ನಮ್ಮಲ್ಲಿ ಗುಡ್ಡ ಕಡಿದು ಮಟ್ಟಮಾಡಿದ ಜಾಗಗಳೇ ಹೆಚ್ಚು, ಮುರಕಲ್ಲಿನ (ಜಂಬಿಟ್ಟಿಗೆ) ಪದರದೊಳಗಿಂದ ಒಸರುವ ನೀರು ತುಲಾ ಮಳೆ (ಅಕ್ಟೋಬರ್-ನವೆಂಬರಿನ ಹಿಂಗಾರು) ನಿಂತ ಮೇಲೂ ಎಷ್ಟೋ ದಿನ ಅಂಗಳದ ಅಡಿಗೆ ಬರುತ್ತಲೇ ಇರುತ್ತದೆ. ಅಂಥಲ್ಲಿ ದಿನ ಎಣಿಸುವುದಕ್ಕಿಂತ ಪರೀಕ್ಷೆ ಮಾಡುವುದು ಮೇಲು. ಸುಮಾರು 45 ಸೆಂಟಿಮೀಟರ್ ಚದರದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚು ಟೇಪಿನಿಂದ ಮುಚ್ಚಿ ಕನಿಷ್ಠ 16 ಗಂಟೆ ಬಿಡಬೇಕು. ತೆಗೆದಾಗ ಹಾಳೆಯ ಅಡಿಯಲ್ಲಿ ಹನಿಗಳಿದ್ದರೆ ಅಥವಾ ಕಾಂಕ್ರೀಟ್ ಕಪ್ಪಾಗಿದ್ದರೆ ಇನ್ನೂ ಕಾಯಬೇಕು. ಗುಡ್ಡದ ಬದಿಗೊಂದು ಆಳವಾದ ಚರಂಡಿ ತೋಡುವುದು ಯಾವ ದುಬಾರಿ ಸೀಲರಿಗಿಂತಲೂ ಹೆಚ್ಚು ಉಪಕಾರ ಮಾಡುತ್ತದೆ.

ನಮ್ಮ ಜಿಲ್ಲೆಯಲ್ಲಿ ಈ ಕೆಲಸಕ್ಕೆ ಡಿಸೆಂಬರಿನಿಂದ ಮಾರ್ಚಿನವರೆಗಿನ ಕಾಲ ಯೋಗ್ಯ. ಸುಡುಬಿಸಿಲಿನಲ್ಲಿ ಬಳಿದರೆ ದ್ರಾವಕ ಬೇಗ ಆರಿ ಗುಳ್ಳೆಗಳೇಳುತ್ತವೆ. ನೆಲ ತಣಿಯತೊಡಗಿದ ಸಂಜೆಯ ಹೊತ್ತು ಒಳ್ಳೆಯದು, ಆದರೆ ಇಬ್ಬನಿ ಬೀಳುವ ಮೊದಲು ಪದರ ಆರುವಷ್ಟು ಸಮಯ ಇರಬೇಕು. ದಪ್ಪನಾದ ಒಂದು ಲೇಪಕ್ಕಿಂತ ತೆಳುವಾದ ಎರಡು ಲೇಪಗಳು ಬಾಳುತ್ತವೆ. ಮಳೆಗಾಲದಲ್ಲಿ ಜಾರದಂತೆ, ಎರಡನೆಯ ಲೇಪಕ್ಕೆ ಅದಕ್ಕೆಂದೇ ಸಿಗುವ ಸಣ್ಣ ಕಣಗಳ ಪ್ಲಾಸ್ಟಿಕ್ ಹುಡಿಯನ್ನು ಬೆರೆಸಲೇಬೇಕು. ವೃದ್ಧರಿರುವ ಮನೆಗಳಲ್ಲಿ ಈ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ.

ತೇವ ಪೂರ್ತಿ ಆರದ ಜಾಗಕ್ಕೂ ಅಡಿಕೆ ಒಣಹಾಕುವ ಅಂಗಳಕ್ಕೂ ಸಿಲೇನ್-ಸಿಲೋಕ್ಸೇನ್ ಬಗೆಯ, ಒಳಗಿಳಿಯುವ ಸೀಲರನ್ನು ನಾನು ಸೂಚಿಸುತ್ತೇನೆ. ಇದು ಹೊಳಪು ಕೊಡದು, ಆದರೆ ಮೇಲಿನ ನೀರನ್ನು ತಡೆದು ಒಳಗಿನ ಆವಿಯನ್ನು ಹೊರಬಿಡುತ್ತದೆ. ಆಕ್ರಿಲಿಕ್ ಪದರ ಬಿಸಿಲಿಗೆ ಮೆದುವಾಗುವುದರಿಂದ ವಾರಗಟ್ಟಲೆ ಅಡಿಕೆ ಹರಡುವ ನೆಲಕ್ಕೆ ಅದು ಹೊಂದುವುದಿಲ್ಲ. ಹಸಿ ಸಿಪ್ಪೆಯ ಕಂದು ಕಲೆಯೂ ಅದರ ಮೇಲೆ ಎದ್ದು ಕಾಣುತ್ತದೆ.

ಪಾಚಿಯನ್ನು ಕಬ್ಬಿಣದ ಬ್ರಷ್ಷಿನಿಂದ ಕೆರೆಯಬಾರದು, ಬಣ್ಣದ ಪದರವೇ ಹೋಗುತ್ತದೆ. ತೆಳುಮಾಡಿದ ಬ್ಲೀಚಿಂಗ್ ದ್ರಾವಣ ಹಾಕಿ, ಸ್ವಲ್ಪ ಹೊತ್ತು ಬಿಟ್ಟು, ನಾರಿನ ಪೊರಕೆಯಿಂದ ಉಜ್ಜಿ ಧಾರಾಳ ನೀರಿನಿಂದ ತೊಳೆದರೆ ಸಾಕು. ಬ್ಲೀಚಿಂಗಿನ ಜೊತೆಗೆ ಆ್ಯಸಿಡ್ ಬೆರೆತರೆ ವಿಷಕಾರಿಯಾದ ಕ್ಲೋರಿನ್ ಅನಿಲ ಹೊಮ್ಮುತ್ತದೆ, ಆದ್ದರಿಂದ ಎರಡನ್ನೂ ಒಂದೇ ದಿನ ಮುಟ್ಟದಿರುವುದು ಕ್ಷೇಮ.

ತುಲಾ ಮಳೆಯ ನಂತರ ಒಣಗಿದ ನೆಲಕ್ಕೆ ನಾಲ್ಕು ಹನಿ ನೀರು ಚಿಮುಕಿಸಿ ನೋಡಬೇಕು. ಹನಿ ಗುಂಡಗೆ ನಿಂತರೆ ಸೀಲರ್ ಇದೆ, ಕೂಡಲೇ ಇಂಗಿದರೆ ಮರುಲೇಪಕ್ಕೆ ಸಮಯವಾಗಿದೆ. ಆಕ್ರಿಲಿಕ್ಕಿಗೆ ಸಾಮಾನ್ಯವಾಗಿ ಎರಡು ಮೂರು ವರ್ಷಕ್ಕೊಮ್ಮೆ ಇದು ಬೇಕಾಗುತ್ತದೆ. ಹೊಳಪಿನಾಸೆಗೆ ವರ್ಷವರ್ಷವೂ ಪದರದ ಮೇಲೆ ಪದರ ಹಾಕಿಸಿದರೆ ಕೊನೆಗೆ ಎಲ್ಲವನ್ನೂ ಕಿತ್ತು ತೆಗೆಯಬೇಕಾದೀತು. ಒಂದು ಬಗೆಯ ಸೀಲರಿನ ಮೇಲೆ ಇನ್ನೊಂದು ಬಗೆ ಹಿಡಿಯದೆ ಹೋಗಬಹುದಾದ್ದರಿಂದ, ಮೊದಲ ಸಲ ಬಳಿದ ಡಬ್ಬದ ಹೆಸರು, ಬಗೆ ಮತ್ತು ತಾರೀಕನ್ನು ಮನೆಯ ಕಾಗದಪತ್ರಗಳೊಂದಿಗೆ ಬರೆದಿಟ್ಟುಕೊಳ್ಳಬೇಕು.