ಲಾಗಿನ್ ಲೂಪ್: ಪಾಸ್‌ವರ್ಡ್ ಸರಿಯಾಗೇ ಇದೆ ಮಾರಾಯ್ರೇ

ಲಿನಕ್ಸ್‌ನಲ್ಲಿ ಒಳಗೆ ಹೋಗಲು ಏನೇ ತೊಂದರೆಯಾದರೂ ಈಗ ಅದಕ್ಕೆ ‘ಲಾಗಿನ್ ಲೂಪ್’ ಅಂತಲೇ ಹೆಸರು. ಪಾಸ್‌ವರ್ಡ್ ಮರೆತವರದ್ದೂ ಲೂಪ್, ಕ್ಯಾಪ್ಸ್ ಲಾಕ್ ನೋಡದವರದ್ದೂ ಲೂಪ್. ಲೋಗೋ ಬಂದು ಮತ್ತೆ ಮತ್ತೆ ರೀಸ್ಟಾರ್ಟ್ ಆಗುವ ಲ್ಯಾಪ್‌ಟಾಪ್‌ಗೂ ಅದೇ ಹೆಸರು, ಅದು ಬೂಟ್ ಲೂಪ್ ಆದರೂ. ಎಲ್ಲರಿಗೂ ಸಿಗುವ ಸಲಹೆಯೂ ಒಂದೇ: ಪಾಸ್‌ವರ್ಡ್ ಬದಲಿಸಿ, ಆಗದಿದ್ದರೆ ಫಾರ್ಮ್ಯಾಟ್ ಹೊಡೀರಿ. ನಿಜವಾದ ಲಾಗಿನ್ ಲೂಪ್‌ಗೆ ಎರಡೂ ಬೇಡ.

ಪಾಸ್‌ವರ್ಡ್ ತಪ್ಪಾದರೆ ಒಂದೆರಡು ಸೆಕೆಂಡ್ ತಡೆದು ಅದೇ ಪರದೆಯಲ್ಲೇ ‘ತಪ್ಪು’ ಅಂತ ಹೇಳುತ್ತದೆ. ಲೂಪ್ ಆದರೆ ಪರದೆ ಒಮ್ಮೆ ಕಪ್ಪಾಗಿ, ಡೆಸ್ಕ್‌ಟಾಪ್ ಈಗ ಬಂತು ಅನ್ನುವಷ್ಟರಲ್ಲಿ, ಒಂದು ಮಾತೂ ಇಲ್ಲದೆ ಮತ್ತೆ ಲಾಗಿನ್ ಪರದೆಗೇ ತಂದು ನಿಲ್ಲಿಸುತ್ತದೆ. ಆ ಕಪ್ಪು ಪರದೆಯೇ ಗುರುತು.

ಲಾಗಿನ್ ಅಂದರೆ ಒಂದೇ ಕೆಲಸ ಅಂದುಕೊಂಡಿರುವುದೇ ಗೊಂದಲದ ಬೇರು. ಮೊದಲು ಪ್ಯಾಮ್ ಎಂಬ ವ್ಯವಸ್ಥೆ ಪಾಸ್‌ವರ್ಡ್ ಪರೀಕ್ಷಿಸುತ್ತದೆ. ಅದು ಒಪ್ಪಿದ ಮೇಲೆ ಡಿಸ್‌ಪ್ಲೇ ಮ್ಯಾನೇಜರ್ (ಉಬುಂಟುವಿನಲ್ಲಿ ಜಿಡಿಎಂ, ಮಿಂಟ್‌ನಲ್ಲಿ ಲೈಟ್‌ಡಿಎಂ, ಕೆಡಿಇ ಇರುವಲ್ಲಿ ಸಾಮಾನ್ಯವಾಗಿ ಎಸ್‌ಡಿಡಿಎಂ) ನಿಮ್ಮ ಹೆಸರಲ್ಲಿ ಸೆಶನ್ (ನಿಮ್ಮ ಡೆಸ್ಕ್‌ಟಾಪ್ ಮತ್ತು ಅದರ ಪ್ರೋಗ್ರಾಂಗಳು) ಶುರು ಮಾಡುತ್ತದೆ. ಸೆಶನ್ ಮುಗಿದ ತಕ್ಷಣ ಲಾಗಿನ್ ಪರದೆ ತೋರಿಸುವುದೂ ಅದರದೇ ಕೆಲಸ. ನೀವು ಸಂಜೆ ಲಾಗೌಟ್ ಮಾಡಿದಾಗಲೂ ಅದು ಮಾಡುವುದು ಇದನ್ನೇ, ಅಲ್ವಾ? ಶುರುವಾದ ಮರುಕ್ಷಣವೇ ಸೆಶನ್ ಸತ್ತುಬಿದ್ದರೆ ಅದರ ಲೆಕ್ಕದಲ್ಲಿ ಅದೂ ಲಾಗೌಟೇ. ಸಿಸ್ಟಂ ನಡೆದದ್ದನ್ನೆಲ್ಲ ಬರೆದಿಡುವ ಜರ್ನಲ್ ತೆರೆದು ನೋಡಿ: ನಿಮ್ಮ ಹೆಸರಿನ ಮುಂದೆ ‘ಸೆಶನ್ ಓಪನ್ಡ್’ ಎಂಬ ಸಾಲು, ಸ್ವಲ್ಪ ಕೆಳಗೇ ‘ಸೆಶನ್ ಕ್ಲೋಸ್ಡ್’. ಮೊದಲ ಸಾಲು ಬಂದಿದೆ ಅಂದರೆ ಪಾಸ್‌ವರ್ಡ್ ಒಪ್ಪಿಗೆಯಾಗಿದೆ. ಇಷ್ಟಾದ ಮೇಲೂ ಪಾಸ್‌ವರ್ಡ್ ಬದಲಿಸುವುದು ಪಾಸಾದ ಪೇಪರನ್ನೇ ಮತ್ತೆ ಬರೆದಂತೆ.

ಹಾಗಾದರೆ ಸೆಶನ್ ಯಾಕೆ ಸಾಯುತ್ತದೆ? ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ. ಬರೀ ಅಕ್ಷರಗಳ ಕಪ್ಪು ಪರದೆ ಬರುತ್ತದೆ. ಅಲ್ಲಿ ಅದೇ ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಿ, ಮೊದಲು ಡಿಸ್ಕ್ ತುಂಬಿದೆಯಾ ನೋಡಿ. ಸುಮ್ನೆ ಹೇಳುತ್ತಿಲ್ಲ. ಎಕ್ಸ್‌ಟಿ4 ಎಂಬ ಫೈಲ್ ಸಿಸ್ಟಂನಲ್ಲಿ ಸಾಮಾನ್ಯವಾಗಿ ಶೇ 5ರಷ್ಟು ಜಾಗ ರೂಟ್‌ಗೆಂದೇ (ಎಲ್ಲ ಅಧಿಕಾರ ಇರುವ ಅಡ್ಮಿನ್ ಖಾತೆ) ಮೀಸಲಿರುತ್ತದೆ, ಹಾಗಾಗಿ ಡಿಸ್ಕ್ ತುಂಬಿದ್ದರೂ ಮಷೀನು ಏನೂ ಆಗದಂತೆ ಬೂಟ್ ಆಗಿ ಲಾಗಿನ್ ಪರದೆವರೆಗೂ ಬರುತ್ತದೆ, ನಿಮ್ಮ ಸೆಶನ್‌ಗೆ ಮಾತ್ರ ಒಂದು ಚಿಕ್ಕ ಫೈಲ್ ಬರೆಯಲೂ ಜಾಗ ಸಿಗುವುದಿಲ್ಲ. ಟೈಮ್‌ಶಿಫ್ಟ್ ಎಂಬ ಬ್ಯಾಕಪ್ ಪ್ರೋಗ್ರಾಂನ ಸ್ನ್ಯಾಪ್‌ಶಾಟ್‌ಗಳನ್ನು ಅದೇ ಪಾರ್ಟಿಷನ್‌ನಲ್ಲಿ ಇಟ್ಟುಕೊಂಡವರು ಇದನ್ನು ಜಾಸ್ತಿ ಅನುಭವಿಸುತ್ತಾರೆ.

ಆಮೇಲೆ ಎಲ್ಲರ ಬಾಯಲ್ಲಿರುವ ಆ ‘ಎಕ್ಸ್‌ಅಥಾರಿಟಿ’ ಫೈಲ್. ಹೋಮ್ ಫೋಲ್ಡರ್‌ನಲ್ಲಿ ಅಡಗಿರುವ ಈ ಫೈಲ್‌ನಲ್ಲಿ ಪರದೆಯ ಮೇಲೆ ಕಿಟಕಿಗಳನ್ನು ಮೂಡಿಸುವ ಎಕ್ಸ್ ಸರ್ವರ್‌ಗೆ ತೋರಿಸಬೇಕಾದ ಗುಟ್ಟಿನ ಕೀ ಇರುತ್ತದೆ. ಕಿಟಕಿ ತೆರೆಯುವ ಯಾವುದಾದರೂ ಪ್ರೋಗ್ರಾಂ ಅನ್ನು ಸುಡೋ (ರೂಟ್ ಅಧಿಕಾರ ಕೊಡುವ ಆದೇಶ) ಹಾಕಿ ಓಡಿಸಿದಾಗ ಫೈಲ್ ರೂಟ್ ಹೆಸರಿಗೆ ಹೋಗಿ, ನಿಮ್ಮ ಸೆಶನ್‌ಗೆ ಅದು ಸಿಗದಂತಾಗಬಹುದು. 19.10ಕ್ಕಿಂತ ಹಳೆಯ ಉಬುಂಟುವಿನಲ್ಲಿ ಸುಡೋ ನಿಮ್ಮ ಹೋಮನ್ನೇ ಬಳಸುತ್ತಿದ್ದುದರಿಂದ ಇದು ಸುಲಭವಾಗಿ ಆಗುತ್ತಿತ್ತು. ಫೈಲ್ ಯಾರ ಹೆಸರಲ್ಲಿದೆ ನೋಡಿ, ರೂಟ್ ಅಂತಿದ್ದರೆ ಅಳಿಸಿ, ಮುಂದಿನ ಲಾಗಿನ್‌ಗೆ ಹೊಸದು ತಾನಾಗೇ ಹುಟ್ಟುತ್ತದೆ. ಆದರೆ ಇದನ್ನೇ ಸರ್ವರೋಗದ ಮದ್ದು ಅಂತ ಹಂಚುವವರು ಒಂದು ಗಮನಿಸಬೇಕು. ಈಗಿನ ಜಿಡಿಎಂ ಆ ಫೈಲನ್ನು ಹೋಮ್‌ನಲ್ಲಿ ಇಡುವುದೇ ಇಲ್ಲ. ಇಲ್ಲದ ಫೈಲನ್ನು ಅಳಿಸಿ ಎಂದು ಹೇಳಿ ಏನು ಪ್ರಯೋಜನ?

ಕರ್ನಲ್ (ಲಿನಕ್ಸ್‌ನ ತಿರುಳು) ಅಪ್‌ಡೇಟ್ ಆದ ಮೇಲೆ ಶುರುವಾಗಿದ್ದರೆ ಎನ್‌ವಿಡಿಯಾ ಗ್ರಾಫಿಕ್ಸ್ ಡ್ರೈವರ್ ಕಡೆ ನೋಡಿ. ಬೂಟ್ ಆಗುವಾಗ ಬರುವ ಗ್ರಬ್ ಮೆನುವಿನಲ್ಲಿ ಹಳೆಯ ಕರ್ನಲ್ ಆರಿಸಿ ಸರಿಹೋದರೆ ಕಳ್ಳ ಸಿಕ್ಕ ಹಾಗೇ. ಲಾಗಿನ್ ಆಗುವಾಗ ಓಡುವ ಪ್ರೊಫೈಲ್ ಫೈಲ್‌ನಲ್ಲಿ ಯಾರೋ ಬರೆದದ್ದನ್ನು ಅಂಟಿಸಿ, ಅದರಲ್ಲೊಂದು ‘ಎಕ್ಸಿಟ್’ ಸೇರಿಕೊಂಡಿದ್ದರೂ ಕಥೆ ಮುಗಿಯಿತು. ತಾತ್ಕಾಲಿಕ ಫೈಲ್‌ಗಳ ಟೆಂಪ್ ಫೋಲ್ಡರ್‌ನ ಪರ್ಮಿಷನ್ 1777 (ಎಲ್ಲರೂ ಬರೆಯಬಹುದು, ಇನ್ನೊಬ್ಬರದ್ದನ್ನು ಅಳಿಸುವಂತಿಲ್ಲ) ಇರಬೇಕು, ಅದನ್ನೂ ನೋಡಿ.

ಇಷ್ಟೆಲ್ಲ ಹುಡುಕುವ ತಾಳ್ಮೆ ಇಲ್ಲದಿದ್ದರೆ ಅದೇ ಕಪ್ಪು ಪರದೆಯಲ್ಲಿ ಹೊಸ ಯೂಸರ್ ಒಬ್ಬರನ್ನು ಮಾಡಿ, ಆ ಹೆಸರಲ್ಲಿ ಲಾಗಿನ್ ಆಗಿ. ಡೆಸ್ಕ್‌ಟಾಪ್ ಬಂದರೆ ಕೆಟ್ಟಿರುವುದು ನಿಮ್ಮ ಹೋಮ್ ಫೋಲ್ಡರ್ ಒಳಗೆ. ಅವರೂ ವಾಪಸ್ ಬಂದರೆ ಡ್ರೈವರ್, ಡಿಸ್ಕ್, ಟೆಂಪ್ ಈ ಮೂರರ ಕಡೆ ಹೋಗಿ.